ಭರ್ತಿ ಅಧಿಕಾರಿಯ ಮುಂದೆ ನಿಲ್ಲುವ ಮೊದಲು

(ಹಿಂದೂಪುರದಲ್ಲಿ ಸೇರಿದ್ದ ಕನ್ನಡ ಮಾಧ್ಯಮ ಮಕ್ಕಳ ಪೋಷಕರ ಸಭೆಯಲ್ಲಿ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ.)



ಕಳೆದ ತಿಂಗಳು ಕಲ್ಯಾಣದುರ್ಗದಲ್ಲಿ ಇಂಥದೇ ಒಂದು ಸಭೆ ನಡೆಯಿತು. ಅಂಕಗಳ ಮಾತೆಲ್ಲ ಮುಗಿದು ಜನ ಏಳುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. "ಸಾರ್, ನಮ್ಮ ಹುಡುಗ ಹತ್ತನೇದು ಮುಗಿಸಿ ಮಿಲಿಟ್ರಿಗೆ ಹೋಗ್ತೀನಿ ಅಂತಾನೆ. ಮಿಲಿಟ್ರಿಯೋರು ಸಿಕ್ಕಿದ್ರೆ ನಾವು ಏನು ಕೇಳಬೇಕು?" ಎಂದರು. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ನನಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಬಿ.ಎಡ್. ಓದುವಾಗ ಮಕ್ಕಳ ಮನಶ್ಶಾಸ್ತ್ರ ಕಲಿಸಿದರು, ಪಾಠಯೋಜನೆ ಬರೆಯುವುದನ್ನು ಕಲಿಸಿದರು. ಇದನ್ನು ಯಾರೂ ಕಲಿಸಲಿಲ್ಲ. ಈ ಒಂದು ತಿಂಗಳಲ್ಲಿ ಓದಿ, ಕೇಳಿ, ನಿವೃತ್ತ ಸೈನಿಕರ ಮನೆಗಳಿಗೆ ಹೋಗಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾನು ಸೈನ್ಯದ ಪರವಾಗಿಯೂ ಮಾತನಾಡುತ್ತಿಲ್ಲ, ವಿರುದ್ಧವಾಗಿಯೂ ಇಲ್ಲ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಮನೆಯ ಹುಡುಗನಿಗೆ ತಿಂಗಳ ಸಂಬಳ, ಮೈಮೇಲೆ ಸಮವಸ್ತ್ರ, ಊರಿನಲ್ಲಿ ಮರ್ಯಾದೆ ಬೇಕು ಅನ್ನಿಸುವುದು ಸಹಜ. ಅವನು ಏನಕ್ಕೆ ಸಹಿ ಹಾಕುತ್ತಿದ್ದಾನೆ ಎಂಬುದು ಅವನಿಗೂ ನಿಮಗೂ ಗೊತ್ತಿರಬೇಕು, ಅಷ್ಟೇ ನನ್ನ ಮಾತು. ಹದಿನೆಂಟು ತುಂಬದ ಹುಡುಗನಾದರೆ ಭರ್ತಿಯ ಕಾಗದಕ್ಕೆ ತಂದೆ ಅಥವಾ ತಾಯಿಯ ಸಹಿಯೂ ಬೇಕಾಗುತ್ತದೆ. ಅಂದಮೇಲೆ ಇದು ನಿಮ್ಮ ಸಹಿಯ ಪ್ರಶ್ನೆಯೂ ಹೌದು.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸುತ್ತೇನೆ. ಸಿನಿಮಾದಲ್ಲಿ ತೋರಿಸುವ ಹಾಗೆ ಸೈನ್ಯದ ಅಧಿಕಾರಿ ನಮ್ಮ ಊರಿಗೆ ಬಂದು, ಎದೆ ಅಳೆದು, ಹುಡುಗರನ್ನು ಲಾರಿ ಹತ್ತಿಸಿಕೊಂಡು ಹೋಗುವುದಿಲ್ಲ. ನಮ್ಮ ಅನಂತಪುರ ಜಿಲ್ಲೆಗೂ, 2022ರ ಏಪ್ರಿಲ್‌ನಲ್ಲಿ ಅದರಿಂದ ಬೇರೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೂ ಸೈನ್ಯದ ಭರ್ತಿ ಕಚೇರಿ ಇರುವುದು ಗುಂಟೂರಿನಲ್ಲಿ. ಕಲ್ಯಾಣದುರ್ಗದವರಿಗೂ ಅದೇ, ಹಿಂದೂಪುರ, ಮಡಕಶಿರಾದವರಿಗೂ ಅದೇ. ಜಾಯಿನ್ ಇಂಡಿಯನ್ ಆರ್ಮಿ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 2023ರಿಂದ ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ಭರ್ತಿ ಮೇಳ. ಮೇಳದಲ್ಲಿ ಓಟ, ಅಳತೆ, ಕಾಗದಪತ್ರಗಳ ಪರಿಶೀಲನೆ, ವೈದ್ಯಕೀಯ ತಪಾಸಣೆ. ಆ ಮೈದಾನದೊಳಕ್ಕೆ ತಂದೆತಾಯಿಗಳನ್ನು ಬಿಡುವುದಿಲ್ಲ. ನಿಮ್ಮ ಮಗ ಒಬ್ಬನೇ ಒಳಗೆ ಹೋಗುತ್ತಾನೆ. ನೀವು ಕೇಳಬೇಕಾದ್ದನ್ನೆಲ್ಲ ಅದಕ್ಕೆ ಮುಂಚೆಯೇ ಕೇಳಿ ಮುಗಿಸಿರಬೇಕು.

ಈಗ ನಮಗೆ ಎಲ್ಲಕ್ಕಿಂತ ಹತ್ತಿರದ ವಿಷಯ, ಭಾಷೆ.

ಈ ಪ್ರವೇಶ ಪರೀಕ್ಷೆ ಮೊದಲ ಎರಡು ವರ್ಷ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. 2025ರಲ್ಲಿ ಅದನ್ನು 13 ಭಾಷೆಗಳಲ್ಲಿ ನಡೆಸಿದರು. ಆ 13ರಲ್ಲಿ ತೆಲುಗೂ ಇದೆ, ಕನ್ನಡವೂ ಇದೆ. ಯಾವ ಭಾಷೆಯಲ್ಲಿ ಬರೆಯುತ್ತೇನೆ ಎಂಬುದನ್ನು ಅರ್ಜಿ ತುಂಬುವಾಗಲೇ ಹೇಳಬೇಕು. ನಮ್ಮ ಮಕ್ಕಳು ಎಡವುವುದು ಇಲ್ಲೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಗಣಿತದಲ್ಲಿ ಚುರುಕು, ಒಂದು ಇಂಟರ್ನೆಟ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದ. ಅಂಗಡಿಯವನು ವಿಳಾಸದಲ್ಲಿ ಆಂಧ್ರಪ್ರದೇಶ ಎಂದು ನೋಡಿದ, ಭಾಷೆಯ ಕಡೆ ತೆಲುಗು ಎಂದು ಒತ್ತಿದ. ಹುಡುಗ ಗಮನಿಸಲಿಲ್ಲ. ಅವನಿಗೆ ತೆಲುಗು ಮಾತು ಚೆನ್ನಾಗಿ ಬರುತ್ತದೆ, ಬಸ್ಸಿನ ಬೋರ್ಡು ಓದುತ್ತಾನೆ, ಸಿನಿಮಾ ಪೋಸ್ಟರು ಓದುತ್ತಾನೆ. ಆದರೆ ಹತ್ತು ವರ್ಷ ವಿಜ್ಞಾನ, ಗಣಿತ ಓದಿದ್ದು ಕನ್ನಡದಲ್ಲಿ. ಜನರಲ್ ಡ್ಯೂಟಿ ವಿಭಾಗಕ್ಕೆ ಒಂದು ಗಂಟೆಯಲ್ಲಿ 50 ಪ್ರಶ್ನೆ, ಪ್ರತಿ ಪ್ರಶ್ನೆಗೆ 2 ಅಂಕ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಒಂದೊಂದು ಪ್ರಶ್ನೆಯನ್ನೂ ಎರಡು ಸಲ ಓದಿ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಹೊತ್ತು ಮುಗಿಯಿತು. "ಸಾರ್, ಗೊತ್ತಿರೋ ಲೆಕ್ಕಗಳೇ ಉಳಿದುಹೋದವು" ಎಂದು ಬಂದು ಹೇಳಿದ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಆದ್ದರಿಂದ ಅರ್ಜಿ ಹಾಕುವಾಗ ನೀವು ಅಥವಾ ಓದು ಬಲ್ಲ ಮನೆಯವರೊಬ್ಬರು ಪಕ್ಕದಲ್ಲಿ ಇರಿ. ಭಾಷೆಯ ಆಯ್ಕೆ ಅಭ್ಯರ್ಥಿಯದು, ವಿಳಾಸದ್ದಲ್ಲ. "ಆಂಧ್ರದವರಿಗೆ ತೆಲುಗೇ" ಎಂದು ಯಾರಾದರೂ ಹೇಳಿದರೆ, ಪಟ್ಟಿಯನ್ನು ಪೂರ್ತಿ ಕೆಳಗಿನವರೆಗೆ ತೋರಿಸು ಎಂದು ಹೇಳಿ. ಪ್ರತಿ ವರ್ಷದ ಪ್ರಕಟಣೆ ಬೇರೆ, ಆ ವರ್ಷದ ಪಟ್ಟಿಯಲ್ಲಿ ಕನ್ನಡ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ಅರ್ಜಿಯ ಮುದ್ರಿತ ಪ್ರತಿ ಮನೆಗೆ ತನ್ನಿ.

ಇದಕ್ಕಾಗಿ ಕರ್ನಾಟಕದ ವಿಳಾಸ ಹುಡುಕಿಕೊಂಡು ಹೋಗಬೇಡಿ. ಗೌರಿಬಿದನೂರಿನಲ್ಲಿ ಸೋದರಮಾವನ ಮನೆ ಇದೆ, ಪಾವಗಡದಲ್ಲಿ ಅಕ್ಕನ ಮನೆ ಇದೆ, ಅಲ್ಲಿಂದ ಹಾಕಿಸೋಣ ಎಂದು ಕೆಲವರು ಯೋಚಿಸುತ್ತಾರೆ. ನಮ್ಮ ಕಡೆ ಹೊಲ ಒಂದು ರಾಜ್ಯದಲ್ಲಿ, ಬಾವಿ ಇನ್ನೊಂದು ರಾಜ್ಯದಲ್ಲಿ ಇರುವುದೂ ಉಂಟು, ಒಪ್ಪುತ್ತೇನೆ. ಆದರೆ ವಾಸಸ್ಥಳದ ಪ್ರಮಾಣಪತ್ರ ಯಾವ ಜಿಲ್ಲೆಯದೋ ಆ ಜಿಲ್ಲೆಯ ಭರ್ತಿ ಕಚೇರಿಗೇ ಅರ್ಜಿ ಹೋಗಬೇಕು. ಸುಳ್ಳು ವಾಸಸ್ಥಳ ಕೊಟ್ಟದ್ದು ತರಬೇತಿ ಮುಗಿದ ಮೇಲೆ ತಿಳಿದರೂ ಮನೆಗೆ ಕಳುಹಿಸುತ್ತಾರೆ. ಆಂಧ್ರದವನಾಗಿಯೇ ಕನ್ನಡದಲ್ಲಿ ಬರೆಯಲು ದಾರಿ ಇರುವಾಗ ಆ ಸುತ್ತು ಏಕೆ?

ಇನ್ನೊಂದು ಹಕ್ಕು ಹೇಳುತ್ತೇನೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ, ಒಂದು ಕುಂದುಕೊರತೆ ಇದ್ದರೆ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಬಹುದು. ಗುಂಟೂರಿಗೆ ನೀವು ಕನ್ನಡದಲ್ಲಿ ಪತ್ರ ಬರೆಯಬಹುದು, ಅದು ತಪ್ಪಲ್ಲ, ದಾಕ್ಷಿಣ್ಯದ ಮಾತೂ ಅಲ್ಲ. ಆದರೆ ಶಿಕ್ಷಕನಾಗಿ ನನ್ನ ಸಲಹೆ, ಕನ್ನಡ ಪತ್ರದ ಜೊತೆ ಇಂಗ್ಲಿಷಿನ ಒಂದು ಪ್ರತಿ ಇಡಿ. ನಮಗೆ ಬೇಕಾದದ್ದು ಬೇಗ ಉತ್ತರ.

ಪರೀಕ್ಷೆ ಕನ್ನಡದಲ್ಲಿ ಆದರೂ ಮೈದಾನ ಕನ್ನಡದಲ್ಲಿ ಇರುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಅಲ್ಲಿ ಸೂಚನೆ ಕೊಡುವ ಹವಾಲ್ದಾರರು ಹೆಚ್ಚಾಗಿ ಹಿಂದಿಯಲ್ಲಿ ಕೂಗುತ್ತಾರೆ. ತರಬೇತಿ ಕೇಂದ್ರದ ಮಾತೂ ಹಿಂದಿಯೇ. ನಮ್ಮ ಮಕ್ಕಳು ಹಿಂದಿ ಅಕ್ಷರ ಓದುತ್ತಾರೆ, ಕೂಗಿ ಹೇಳಿದರೆ ತಬ್ಬಿಬ್ಬಾಗುತ್ತಾರೆ. ನಿಲ್ಲು, ಸಾಲಿನಲ್ಲಿ ಬಾ, ಅಂಗಿ ತೆಗೆ, ಕಾಗದ ತೋರಿಸು, ತಂದೆಯ ಹೆಸರೇನು, ಯಾವ ಜಿಲ್ಲೆ, ಇಂಥ ಮೂವತ್ತು ನಲವತ್ತು ಮಾತು ಕಿವಿಗೆ ರೂಢಿಯಾದರೆ ಸಾಕು. ಊರಿನಲ್ಲಿ ನಿವೃತ್ತ ಸೈನಿಕರಿದ್ದರೆ ವಾರಕ್ಕೆ ಒಂದು ಸಂಜೆ ಅವರ ಜಗಲಿಯ ಮೇಲೆ ಕೂರಿಸಿ. ನಾನು ನೋಡಿದಂತೆ ಅವರು ಬಹಳ ಸಂತೋಷದಿಂದ ಹೇಳಿಕೊಡುತ್ತಾರೆ, ಎರಡು ಗಂಟೆ ಬೇಕೆಂದರೆ ನಾಲ್ಕು ಗಂಟೆ ಬಿಡುವುದಿಲ್ಲ.

ಭಾಷೆಯ ಮಗ್ಗುಲಲ್ಲೇ ಹೆಸರಿನ ಗೊಂದಲ ಇದೆ. ಇದು ಗಡಿನಾಡಿನ ನಮ್ಮದೇ ರೋಗ. ತಿಪ್ಪೇಸ್ವಾಮಿ ಎಂಬ ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಕನ್ನಡದ ರೂಢಿಯಲ್ಲಿ ನಾವು ಶಾಲೆಯಲ್ಲಿ ಕೆ. ತಿಪ್ಪೇಸ್ವಾಮಿ ಎಂದು ಬರೆದುಕೊಂಡೆವು. ಆಂಧ್ರದ ರೂಢಿಯಲ್ಲಿ ಮನೆತನದ ಹೆಸರು ಮೊದಲು ಬರಬೇಕು, ಹಾಗಾಗಿ ಜಾತಿ ಪ್ರಮಾಣಪತ್ರದಲ್ಲಿ ಕುರುಬ ತಿಪ್ಪೇಸ್ವಾಮಿ. ಆಧಾರ್ ಚೀಟಿಯಲ್ಲಿ ತಿಪ್ಪೇಸ್ವಾಮಿ ಕೆ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ಒಂದರಲ್ಲಿ 'ಟಿ' ಆದಮೇಲೆ 'ಎಚ್' ಇದೆ, ಇನ್ನೊಂದರಲ್ಲಿ ಇಲ್ಲ. ಕೊನೆಯಲ್ಲಿ ಒಂದು ಕಡೆ 'ವೈ', ಒಂದು ಕಡೆ 'ಐ'. ನಮಗೆ ಇವರೆಲ್ಲ ಒಬ್ಬನೇ ತಿಪ್ಪೇಸ್ವಾಮಿ. ಕಾಗದ ಪರಿಶೀಲಿಸುವ ಮೇಜಿನ ಹಿಂದೆ ಕುಳಿತ, ನಮ್ಮ ಸೀಮೆಯನ್ನೇ ಕಾಣದ ಗುಮಾಸ್ತರಿಗೆ ಮೂವರು ಬೇರೆ ಬೇರೆ ಹುಡುಗರು. ಓಟದಲ್ಲಿ ಮೊದಲು ಬಂದವನೂ ಆ ಮೇಜಿನ ಮುಂದೆ ನಿಂತುಬಿಡುತ್ತಾನೆ.

ಸೈನ್ಯದವರು ಹೆಸರಿಗೂ ಜನ್ಮದಿನಾಂಕಕ್ಕೂ ಹತ್ತನೆಯ ತರಗತಿಯ ಅಂಕಪಟ್ಟಿಯನ್ನೇ ಆಧಾರವಾಗಿ ಹಿಡಿಯುತ್ತಾರೆ. ಆ ಅಂಕಪಟ್ಟಿಯ ಹೆಸರು ಬರುವುದು ಶಾಲೆಯಿಂದ ಕಳುಹಿಸುವ ನಾಮಿನಲ್ ರೋಲಿನಿಂದ. ನಾಮಿನಲ್ ರೋಲ್ ಬರುವುದು ದಾಖಲಾತಿ ರಿಜಿಸ್ಟರಿನಿಂದ. ಆ ರಿಜಿಸ್ಟರು ಬರೆಯುವುದು ನನ್ನಂಥವರು. ಒಬ್ಬ ಹುಡುಗನ ತಂದೆಯ ಹೆಸರನ್ನು ನಾನೇ ಅವಸರದಲ್ಲಿ ತಪ್ಪಾಗಿ ಬರೆದು, ಅದನ್ನು ಸರಿಪಡಿಸಲು ಆ ಕುಟುಂಬ ಎಷ್ಟೋ ಸಲ ಕಚೇರಿಗಳಿಗೆ ಅಲೆದದ್ದು ಉಂಟು. ಆ ತಪ್ಪು ನನ್ನ ಕೈಯದು, ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಮಗ ಒಂಬತ್ತರಲ್ಲಿ ಇರುವಾಗಲೇ ಶಾಲೆಗೆ ಬಂದು ರಿಜಿಸ್ಟರು ತೆಗೆಸಿ ನೋಡಿ. ನಾಮಿನಲ್ ರೋಲ್ ಹೋಗುವ ಮೊದಲು ತಿದ್ದುವುದು ಒಂದು ಮಧ್ಯಾಹ್ನದ ಕೆಲಸ. ಅಂಕಪಟ್ಟಿ ಅಚ್ಚಾಗಿ ಬಂದಮೇಲೆ ತಿದ್ದಿಸಲು ಚಪ್ಪಲಿ ಸವೆಯುತ್ತದೆ.

ಉಳಿದ ಕಾಗದಗಳು ಗೊತ್ತಿರುವವೇ. ತಹಶೀಲ್ದಾರರಿಂದ ವಾಸಸ್ಥಳ ಮತ್ತು ಜಾತಿ ಪ್ರಮಾಣಪತ್ರ, ಶಾಲೆಯಿಂದ ನಡತೆ ಪತ್ರ, ಸರಪಂಚರಿಂದ ನಡತೆ ಪತ್ರ ಹಾಗೂ ಅವಿವಾಹಿತ ಪತ್ರ, ಎನ್.ಸಿ.ಸಿ. ಇದ್ದರೆ ಅದು, ಫೋಟೋಗಳು. ಸರಪಂಚರ ನಡತೆ ಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಇವನ್ನು ಇಂಗ್ಲಿಷಿನಲ್ಲಿಯೇ ಕೇಳಿ ಪಡೆಯಿರಿ. ಮೂಲಪ್ರತಿಗಳನ್ನು ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ. "ನಮ್ಮವರು ಒಳಗಿದ್ದಾರೆ, ಇಷ್ಟು ಲಕ್ಷ ಕೊಡಿ, ಅಲ್ಲಿಯವರೆಗೆ ಅಂಕಪಟ್ಟಿ ನಮ್ಮ ಹತ್ತಿರ ಇರಲಿ" ಎನ್ನುವವರು ಪ್ರತಿ ಮೇಳದ ಹೊತ್ತಿಗೆ ಹುಟ್ಟಿಕೊಳ್ಳುತ್ತಾರೆ. ಅವರ ಉಪಾಯ ಸರಳ: ನೂರು ಹುಡುಗರ ಹತ್ತಿರ ಮಾತಾಡಿಕೊಳ್ಳುವುದು, ತಮ್ಮ ಶಕ್ತಿಯಿಂದಲೇ ಗೆದ್ದ ಹತ್ತು ಜನರಿಂದ ಹಣ ಇಟ್ಟುಕೊಳ್ಳುವುದು. ಪರೀಕ್ಷೆಯ 250 ರೂಪಾಯಿ ಶುಲ್ಕ ಬಿಟ್ಟರೆ ಸೈನ್ಯ ಯಾರಿಂದಲೂ ಹಣ ಕೇಳುವುದಿಲ್ಲ.

ಇನ್ನು ಕೆಲಸದ ಸ್ವರೂಪ. ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಇರುವುದು ಹಳೆಯ ಚಿತ್ರ: ಹದಿನೈದು ಇಪ್ಪತ್ತು ವರ್ಷ ಸೇವೆ, ಆಮೇಲೆ ಪಿಂಚಣಿ, ಕ್ಯಾಂಟೀನ್ ಕಾರ್ಡು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದ ಮೇಲೆ ಸಾಮಾನ್ಯ ಸೈನಿಕನಾಗಿ ಸೇರುವವನು ಅಗ್ನಿವೀರನಾಗಿ ನಾಲ್ಕು ವರ್ಷಕ್ಕೆ ಸೇರುತ್ತಾನೆ. ನಾಲ್ಕು ವರ್ಷದ ನಂತರ ಒಂದು ತಂಡದಲ್ಲಿ ಹೆಚ್ಚೆಂದರೆ ಶೇಕಡ 25 ಮಂದಿಯನ್ನು ಖಾಯಂ ಸೇವೆಗೆ ಉಳಿಸಿಕೊಳ್ಳುವುದು ಯೋಜನೆಯ ಮಾತು. ಮಿಕ್ಕವರು ಮನೆಗೆ. ಹಾಗೆ ಬರುವವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವೂ ಇಲ್ಲ. ಮೊದಲ ತಂಡಗಳು ಸೇರಿದ್ದು 2022ರ ಕೊನೆ, 2023ರ ಮೊದಲಿಗೆ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಮೊದಲಿಗೆ.

ಹಣದ ಲೆಕ್ಕ ಹೀಗಿದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಎಂದು ನಿಗದಿ, ಕೈಗೆ ಬರುವುದು 21,000. ನಾಲ್ಕನೆಯ ವರ್ಷ 40,000, ಕೈಗೆ 28,000. ಕಡಿತವಾದ ಶೇಕಡ 30 ಸೇವಾನಿಧಿಗೆ ಹೋಗುತ್ತದೆ, ಅಷ್ಟನ್ನೇ ಸರ್ಕಾರವೂ ಸೇರಿಸುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು 11 ಲಕ್ಷ 71 ಸಾವಿರ ಕೈಗೆ ಬರುತ್ತದೆ ಎಂದು ಯೋಜನೆ ಪ್ರಕಟವಾದಾಗ ಹೇಳಿದ್ದರು. ಇದು ಸಣ್ಣ ಹಣವಲ್ಲ. ಇಪ್ಪತ್ತೆರಡರ ಹುಡುಗನ ಕೈಗೆ ಒಂದೇ ಸಲ ಬಂದರೆ ತಂಗಿಯ ಮದುವೆಗೂ ಬೋರ್‌ವೆಲ್ಲಿಗೂ ಒಂದೇ ವರ್ಷದಲ್ಲಿ ಕರಗಿಹೋಗುವ ಹಣವೂ ಹೌದು. ಅದನ್ನು ಏನು ಮಾಡಬೇಕೆಂದು ಅವನು ಹೊರಡುವ ಮೊದಲೇ ಮನೆಯಲ್ಲಿ ಮಾತಾಗಲಿ. ಆ ನಾಲ್ಕು ವರ್ಷ ಮದುವೆಯಾಗುವಂತಿಲ್ಲ, ವರ್ಷಕ್ಕೆ ರಜೆ 30 ದಿನ, ಬೇಸರವಾಯಿತೆಂದು ನಡುವೆ ತಾನಾಗಿ ಬಿಟ್ಟು ಬರಲೂ ಆಗದು. ಇವನ್ನು ತಾಯಂದಿರು ವಿಶೇಷವಾಗಿ ಕೇಳಿಸಿಕೊಳ್ಳಿ.

ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆಯೊಂದು ಇದೆ. ನಮ್ಮ ಹಿಂದೂಪುರಕ್ಕೆ ಹತ್ತಿರದ ಗೋರಂಟ್ಲ ಮಂಡಲದ ಕಲ್ಲಿ ತಾಂಡಾದ ಮುರಳಿ ನಾಯಕ್ ಅಗ್ನಿವೀರನಾಗಿ ಸೇರಿದವರು. 2025ರ ಮೇ 9ರಂದು ಜಮ್ಮು-ಕಾಶ್ಮೀರದ ಗಡಿಯಲ್ಲಿ ಪಾಕಿಸ್ತಾನದ ಗುಂಡಿನ ದಾಳಿಯಲ್ಲಿ ಮಡಿದರು. ಆ ದಿನಗಳಲ್ಲಿ ನಮ್ಮ ಶಾಲೆಗಳ ಮಕ್ಕಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ರಾಜ್ಯ ಸರ್ಕಾರ ಕುಟುಂಬಕ್ಕೆ 50 ಲಕ್ಷ ರೂಪಾಯಿ, ಐದು ಎಕರೆ ಜಮೀನು, ಮನೆ ನಿವೇಶನ ಮತ್ತು ಒಂದು ಉದ್ಯೋಗ ಘೋಷಿಸಿತು. ಅಗ್ನಿವೀರ ಕರ್ತವ್ಯದಲ್ಲಿ ಮಡಿದರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ ಯೋಜನೆಯಲ್ಲಿಯೇ ಇವೆ. ಆದರೆ ಖಾಯಂ ಸೈನಿಕನ ಮನೆಯವರಿಗೆ ಸಿಗುವ ಕುಟುಂಬ ಪಿಂಚಣಿ ಇಲ್ಲ. ಆ ಹುಡುಗನ ತಾಯಿ ಇದೇ ವ್ಯತ್ಯಾಸವನ್ನು ಪ್ರಶ್ನಿಸಿ ಮುಂಬೈ ಹೈಕೋರ್ಟಿಗೆ ಹೋದರು. ಮಗ ಹೊರಡುವಾಗ ಸಾವಿನ ಮಾತು ಎತ್ತುವುದು ಅಪಶಕುನ ಎಂದು ನಾವು ಸುಮ್ಮನಾಗುತ್ತೇವೆ. ಸೈನ್ಯದವರು ಹಾಗೆ ತಿಳಿಯುವುದಿಲ್ಲ. ವಾರಸುದಾರರ ಹೆಸರು ಬರೆಸಿಕೊಳ್ಳುವುದು ಅವರಿಗೆ ದಿನದ ಕೆಲಸ. ವಿಮೆಗೆ ಯಾರ ಹೆಸರು, ಅಂಗವಿಕಲತೆ ಬಂದರೆ ಏನು, ಮನೆಗೆ ಸುದ್ದಿ ಯಾವ ಭಾಷೆಯಲ್ಲಿ ಯಾರ ಮೂಲಕ ಬರುತ್ತದೆ, ಇವೆಲ್ಲ ಮಗನೇ ಕೇಳಿ ತಿಳಿದುಕೊಂಡು ನಿಮಗೆ ಹೇಳಬೇಕಾದವು. ಅವನು ನಾಚಿಕೊಂಡರೆ ಚೀಟಿಯಲ್ಲಿ ಬರೆದುಕೊಡಿ.

ಹಾಗಾದರೆ ಆ ಕಲ್ಯಾಣದುರ್ಗದ ತಾಯಿ ಯಾರನ್ನು ಕೇಳಬೇಕು? ಅನಂತಪುರದಲ್ಲಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಇದೆ, ಅಲ್ಲಿ ಹೋಗಿ ಕೇಳಬಹುದು. ಗುಂಟೂರಿನ ಕಚೇರಿಗೆ ಬರೆದು ಕೇಳಬಹುದು. ರಜೆಗೆ ಬಂದ ಅಗ್ನಿವೀರ ಹುಡುಗರು ಸುತ್ತಲಿನ ಹಳ್ಳಿಗಳಲ್ಲಿ ಸಿಗುತ್ತಾರೆ, ಅವರನ್ನು ಗೆಳೆಯರ ಗುಂಪಿನಲ್ಲಿ ಕೇಳಬೇಡಿ, ಒಬ್ಬನೇ ಇದ್ದಾಗ ಊಟಕ್ಕೆ ಕರೆದು ಕೇಳಿ. ತರಬೇತಿ ಅಕಾಡೆಮಿಯವರನ್ನು ಮಾತ್ರ ಕೊನೆಗೆ ಕೇಳಿ, ಏಕೆಂದರೆ ಅವರಿಗೆ ನಿಮ್ಮ ಮಗ ಸೇರಿದಷ್ಟೂ ಶುಲ್ಕ.

ದೇಹದ ವಿಷಯ ಬೇಗ ಮುಗಿಸುತ್ತೇನೆ, ಮಕ್ಕಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಜನರಲ್ ಡ್ಯೂಟಿಗೆ ನಮ್ಮ ದಕ್ಷಿಣದ ಹುಡುಗರಿಗೆ ಎತ್ತರ 166 ಸೆಂಟಿಮೀಟರ್, ಎದೆ 77, ಉಸಿರು ತುಂಬಿದಾಗ ಇನ್ನೂ 5 ಹಿಗ್ಗಬೇಕು. ಓಟ 1.6 ಕಿಲೋಮೀಟರ್, ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಓಡಿಓಡಿ ಸಿದ್ಧನಾದವನು ವೈದ್ಯರ ಮುಂದೆ ಬಿದ್ದುಹೋಗುವುದು ಚಿಕ್ಕ ಚಿಕ್ಕ ಕಾರಣಗಳಿಗೆ: ಕಿವಿಯ ಗುಗ್ಗೆ, ಹುಳುಕು ಹಲ್ಲು, ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು, ಬಣ್ಣ ಗುರುತಿಸಲಾಗದ ಕಣ್ಣು. ಫ್ಲೋರೈಡ್ ನೀರು ಕುಡಿದು ಬೆಳೆದ ಸೀಮೆ ನಮ್ಮದು, ಹಲ್ಲು ಮತ್ತು ಮೂಳೆಯನ್ನು ಒಂದು ವರ್ಷ ಮೊದಲೇ ವೈದ್ಯರಿಗೆ ತೋರಿಸಿ. ಹಚ್ಚೆಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದಲ್ಲಿ, ಇಲ್ಲವೆ ಅಂಗೈಯ ಹಿಂಬದಿಯಲ್ಲಿ ಮಾತ್ರ ಒಪ್ಪುತ್ತಾರೆ. ತೋಳಿನ ಮೇಲೆ ನಾಯಕನಟನ ಹೆಸರು ಬರೆಸಿಕೊಂಡು ಬಂದ ಹುಡುಗನಿಗೆ ನಾನು ಏನು ಹೇಳಲಿ?

ಹೆಣ್ಣುಮಕ್ಕಳ ತಾಯಿತಂದೆಯರೂ ಇಲ್ಲಿದ್ದೀರಿ. ಮಿಲಿಟರಿ ಪೊಲೀಸ್ ವಿಭಾಗಕ್ಕೆ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ. ಹೆಸರು, ಭಾಷೆ, ಕಾಗದ, ಎಲ್ಲ ಮಾತೂ ಅವರಿಗೂ ಸಲ್ಲುತ್ತದೆ.

ಕೊನೆಯದಾಗಿ ನನ್ನ ಸ್ವಂತ ಚಿಂತೆ. ನಮ್ಮ ಮಕ್ಕಳು ಹತ್ತನೆಯದು ಮುಗಿಸುವುದು ಹದಿನೈದು ಹದಿನಾರರಲ್ಲಿ, ಸೈನ್ಯಕ್ಕೆ ಕನಿಷ್ಠ ವಯಸ್ಸು ಹದಿನೇಳೂವರೆ. ನಡುವೆ ಎರಡು ವರ್ಷ ಇದೆ. ಇಂಟರ್‌ನಲ್ಲಿ ಮಾಧ್ಯಮ ಬದಲಾಗುತ್ತದೆ ಎಂಬ ಹೆದರಿಕೆಯಿಂದ "ಹೇಗೂ ಮಿಲಿಟ್ರಿಗೆ ಹೋಗ್ತೀನಲ್ಲ" ಎಂದು ಓದು ಬಿಟ್ಟು ಬೆಳಗ್ಗೆ ಓಟ, ಹಗಲು ಹುಣಸೆ ಮಂಡಿಯಲ್ಲಿ ಕೂಲಿ ಎಂದು ಕಾಲ ಕಳೆಯುವ ಹುಡುಗರನ್ನು ಕಂಡಿದ್ದೇನೆ. ಅಂಥವನು ಆಯ್ಕೆಯಾಗದಿದ್ದರೆ ಕೈಯಲ್ಲಿ ಏನೂ ಇಲ್ಲ. ಆಯ್ಕೆಯಾದರೂ ನಾಲ್ಕು ವರ್ಷದ ನಂತರ ಹತ್ತನೆಯ ತರಗತಿಯವನಾಗಿಯೇ ಹಿಂದಿರುಗುವ ಅಪಾಯ ಇದೆ. ಕೇಂದ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಶೇಕಡ 10 ಮೀಸಲು ಎಂದು 2022ರಲ್ಲೇ ಘೋಷಿಸಿದ್ದಾರೆ, ಸೇವೆಯಲ್ಲಿದ್ದಾಗ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯದು, ಇಗ್ನೋ ಮೂಲಕ ಪದವಿ ಪಡೆಯಲು ದಾರಿ ಇದೆ. ಅದನ್ನು ಬಳಸಿಕೊಳ್ಳಲೂ ಓದಿನ ರೂಢಿ ಉಳಿದಿರಬೇಕು. ಇಂಟರ್ ಮುಗಿಸಿದವನಿಗೆ ತಾಂತ್ರಿಕ ವಿಭಾಗ, ಗುಮಾಸ್ತ ವಿಭಾಗಗಳೂ ತೆರೆಯುತ್ತವೆ. ದಯವಿಟ್ಟು ಆ ಎರಡು ವರ್ಷ ಶಾಲೆ ಬಿಡಿಸಬೇಡಿ.

ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ನಾನು ಶಾಲೆಯಲ್ಲಿ ಇರುತ್ತೇನೆ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳ ಆಧಾರ್ ಚೀಟಿ, ಜಾತಿ ಪ್ರಮಾಣಪತ್ರ ತನ್ನಿ. ರಿಜಿಸ್ಟರು ಮೇಜಿನ ಮೇಲಿಟ್ಟು ಒಂದೊಂದೇ ಹೆಸರು ಹೋಲಿಸಿ ನೋಡೋಣ.